ಒಳಮಡಿಕೆ

ಕೈ ಕೊಂಚ ಎತ್ತಿ, ವಗ್ದಿ ಸಾಹೇಬರೇ.
ಫೋನು ಬಡಿದುಕೊಳ್ಳಲಿ, ಹಡಗೇನೂ ಓಡಿಹೋಗುವುದಿಲ್ಲ.
ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆಯಬೇಡಿ.
ಟೇಪಿಗೆ ಸುಳ್ಳು ಹೇಳಬಹುದು;
ಗುರುವಾರ ಸಂಜೆ ಮಗಳ ನಿಶ್ಚಿತಾರ್ಥದಲ್ಲಿ
ಕುರ್ಚಿಗೆ ಕೂತೊಡನೆ
ಗುಂಡಿ ಎದ್ದು ನಿಜ ಹೇಳಿಬಿಡುತ್ತದೆ.

ನೂರ ಎಂಟು.

ಈ ಪುಸ್ತಕದಲ್ಲಿ ನಿಮಗೂ ಒಂದು ಪುಟವಿದೆ:
ಮದುವೆಯ ಸೂಟಿಗೆ ಎಂಬತ್ತೆರಡು,
ಬಡ್ತಿ ಬಂದ ವರ್ಷ ತೊಂಬತ್ತೊಂದು,
ತಾಯಿ ತೀರಿಕೊಂಡಾಗ ಹೊಲಿಸಿದ ಕಪ್ಪು ಜೋಡಿಗೆ ತೊಂಬತ್ತೆಂಟು.
ತೋಳು ಅಷ್ಟೇ, ಕಾಲಿನ ಉದ್ದ ಅಷ್ಟೇ,
ತೊಡೆ ಬೇಕಾದರೆ ಒಂದಿಷ್ಟು ಸೊರಗಿದೆ.
ಬಂದದ್ದೆಲ್ಲ ನಡುವಿನಲ್ಲೇ ಇಳಿದಿದೆ,
ನಿಮ್ಮ ಗೋದಾಮಿನಲ್ಲಿ ವಾರಸುದಾರರಿಲ್ಲದೆ
ಪೇರಿಸಿಟ್ಟ ಸರಕಿನಂತೆ.

ತಲೆ ಬಗ್ಗಿಸಿ, ಕಾಲರ್ ನೋಡುತ್ತೇನೆ.
ಹೂಂ.
ಕತ್ತಿನ ಹಿಂದಿನ ಈ ಕಪ್ಪು ಗೆರೆ...
ಕೊಳೆಯೆಂದು ಮನೆಯಾಕೆ ಹೀರೆನಾರಿನಲ್ಲಿ ತಿಕ್ಕಿರಬೇಕು,
ಸುತ್ತ ಕೆಂಪಾಗಿದೆ, ಕಪ್ಪು ಕದಲಿಲ್ಲ.
ಮಖಮಲ್ಲು ಮುಟ್ಟಿ ಮುಟ್ಟಿ ಸವೆದ ಬೆರಳು ನನ್ನದು.
ಇದೂ ಮಖಮಲ್ಲೇ, ಸಾಹೇಬರೇ,
ಅತ್ತಾರೀನ್ ಬೀದಿಯ ಯಾವ ಅಂಗಡಿಯಲ್ಲೂ ಕೊಂಡದ್ದಲ್ಲ.
ಪಕ್ಕದಲ್ಲಿ ಎಳ್ಳಿನಷ್ಟು ಎರಡು ನರುಲಿ.
ಕಾಲರ್ ಉಜ್ಜಿ ಬಂದದ್ದು ಎನ್ನುತ್ತೀರಿ.
ಇರಲಿ, ನನ್ನ ಕಾಲರಿನ ಮೇಲೇ ಹಾಕಿ.

ಮಧ್ಯಾಹ್ನ ರೊಟ್ಟಿ ಅನ್ನ ಮುಗಿಸಿದ ಮೇಲೆ
ಒಂದೇ ಕಾಗದಕ್ಕೆ ಎರಡು ಸಲ ಮೊಹರು ಒತ್ತಿದಿರಂತೆ,
ನೀವೇ ನಗುತ್ತ ಹೇಳಿದಿರಿ.
ಗಣಿತದ ಇನ್ಶಿರಾಹ್ ಮೇಡಂ ಕೂಡ ನಗುತ್ತಿದ್ದರು,
ಸಮೀಕರಣದ ನಡುವೆ ಕಣ್ಣು ಕೂರುತ್ತದೆಂದು.
ತಪ್ಪೆಲ್ಲ ಬೀಜಗಣಿತದ್ದು.
ರಾತ್ರಿ ಎರಡು ಸಲ ಏಳುವುದು ವಯಸ್ಸಂತೆ,
ನಲವತ್ತಾರು ಒಂದು ವಯಸ್ಸೇ?
ಬಾಯಿ ಒಣಗುವುದು ಸೆಕೆಯಂತೆ,
ಜನವರಿಯಲ್ಲಿ, ಸಮುದ್ರದ ಗಾಳಿ ಕಿಟಕಿ ಒದೆಯುವಾಗ.
ಮತ್ತೆ ಎಲ್ಲಕ್ಕೂ ಒಂದೇ ರಸೀದಿ: ಕೆಲಸ ಜಾಸ್ತಿ.
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ
ನಿಮ್ಮ ಮೈ ನಿಮ್ಮೆದುರು ಸಾಲಿನಲ್ಲಿ ನಿಂತಿದೆ,
ನೀವು ತಲೆ ಎತ್ತುವುದಿಲ್ಲ.

ನನಗೇನು ಗೊತ್ತು? ದರ್ಜಿ ನಾನು.
ಆದರೆ ಒಂದು ಹೇಳುತ್ತೇನೆ, ಅಲುಗಾಡಬೇಡಿ, ಗುಂಡುಸೂಜಿ ಇದೆ.
ಹೋದ ಉಪವಾಸದ ತಿಂಗಳಲ್ಲಿ ಒಂದು ಸಂಜೆ
ನೆಲದ ಮೇಲೆ ರಕ್ತ ಕಂಡೆ, ಒಂದೊಂದೇ ಬೊಟ್ಟು,
ಕತ್ತರಿ ಮೇಜಿನಿಂದ ಇಸ್ತ್ರಿಯವರೆಗೆ.
ಯಾವ ಗಿರಾಕಿ ಗಾಯ ಮಾಡಿಕೊಂಡನೋ ಎಂದು
ಬಾಗಿಲವರೆಗೆ ಹೋಗಿ ಬೀದಿ ನೋಡಿದೆ.
ಬೊಟ್ಟು ನನ್ನ ಜೊತೆಗೇ ಬಂತು.
ಅಂಗಾಲಿನಲ್ಲಿ ಸೂಜಿ, ಅರ್ಧ ಒಳಗೆ.
ಐವತ್ತು ವರ್ಷ ಸೂಜಿಯ ಅನ್ನ ತಿಂದವನಿಗೆ
ಸೂಜಿ ಚುಚ್ಚಿದ್ದು ತಿಳಿಯಲಿಲ್ಲ.

ಊರಿನ ಅರ್ಧ ಸೊಂಟ ಈ ಪುಸ್ತಕದಲ್ಲಿದೆ.
ಶನೂದಾ ಎಂಬ ಹೆಸರಿನ ಪುಟ ಮಾತ್ರ ಇಲ್ಲ.
ಐದು ಚಮಚ ಸಕ್ಕರೆಯ ಚಹಾ, ದಿನಕ್ಕೆ ಎಂಟು ಲೋಟ,
ಅದನ್ನು ಅಳೆಯಲು ಪುರುಸೊತ್ತಿರಲಿಲ್ಲ.

ಇಳಿಯಿರಿ, ಮೆಲ್ಲಗೆ.
ಪ್ಯಾಂಟು ಮಗುಚಿ ತೋರಿಸುತ್ತೇನೆ, ಇಲ್ಲಿ ನೋಡಿ:
ಹೊಲಿಗೆಯ ಹಿಂದೆ ದರ್ಜಿ ಬಚ್ಚಿಟ್ಟ ಬಟ್ಟೆ.
ಹೊರಗಿನಿಂದ ಯಾರಿಗೂ ಕಾಣದು.
ಮೂರು ಸಲ ಬಿಚ್ಚಿದ್ದೇನೆ,
ಇನ್ನು ಬೆರಳಗಲ ಉಳಿದಿದೆ.
ಗುರುವಾರಕ್ಕೆ ಅದನ್ನೂ ಬಿಡುತ್ತೇನೆ,
ಮಗಳ ಫೋಟೋದಲ್ಲಿ ಅಪ್ಪ ಉಸಿರಾಡಬೇಕಲ್ಲ.

ಶನಿವಾರ ಬೆಳಗ್ಗೆ, ಹಸಿದ ಹೊಟ್ಟೆಯಲ್ಲಿ,
ಟ್ರಾಮ್ ನಿಲ್ದಾಣದ ಹಿಂದಿನ ಹಸಿರು ಬಾಗಿಲು.
ಚಹಾ ಕೂಡ ಇಲ್ಲ. ತೋಳು ಮಡಿಸಿ ಕೊಡಿ, ಅಷ್ಟೇ.
ಅಲ್ಲಿನ ಹುಡುಗಿಯ ಸೂಜಿ ನಿಮಗಿನ್ನೂ ಚುರುಕ್ ಎನ್ನುತ್ತದೆ.
ಆ ಚುರುಕ್ ಎಷ್ಟು ಬಾಳುತ್ತದೆಂದು ನನ್ನನ್ನು ಕೇಳಿ.

ಇನ್ನೊಂದು ಮಾತು.
ಹೊಲಿಗೆ ಬಿಚ್ಚಿದಲ್ಲಿ ಹಳೆಯ ತೂತಿನ ಸಾಲು ಉಳಿಯುತ್ತದೆ.
ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಒತ್ತಿದರೆ ಮಾಯ,
ಬೇರೆಯವರಿಗೆ ಹಾಗೇ ಮಾಡಿ ಕೊಡುತ್ತೇನೆ.
ನಿಮ್ಮದಕ್ಕೆ ಒತ್ತುವುದಿಲ್ಲ.
ಮತ್ತೆ ಅದೇ ಸಾಲಿನಲ್ಲಿ ಹೊಲಿಯಲು
ನನ್ನ ಕಣ್ಣಿಗೆ ಗುರುತು ಬೇಕು.